ಕಾಳುಮೆಣಸಿನ ಜಾಡು ಹಿಡಿದು ಸ್ಕ್ಯೊಪ್ಪೆತ್ತೀನೊ: ಇಟಲಿಯ ಅಪರೂಪದ ಕೆಂಪು ದ್ರಾಕ್ಷಿಯ ವೈನನ್ನು ಹುಡುಕಿ, ಕೊಂಡು, ಸವಿಯುವ ಸಮಗ್ರ ಮಾರ್ಗದರ್ಶಿ

ಇಟಲಿಯಲ್ಲಿ ವೈನಿಗೆಂದು ಬೆಳೆಯುವ ದ್ರಾಕ್ಷಿ ತಳಿಗಳು ನೂರಾರು. ಅಂಗಡಿಯ ಕಪಾಟಿನಲ್ಲಿ ನಮ್ಮ ಕಣ್ಣಿಗೆ ಬೀಳುವುದು ಬೆರಳೆಣಿಕೆಯಷ್ಟು. ಸಾಂಜೊವೇಸೆ, ನೆಬ್ಬಿಯೋಲೊ, ಬಾರ್ಬೇರಾ ಎಂದು ಮೂರು ನಾಲ್ಕು ಹೆಸರು ಕಲಿಯುವಷ್ಟರಲ್ಲಿ ಕಪಾಟು ಮುಗಿದಿರುತ್ತದೆ. ಉಳಿದ ತಳಿಗಳು ಒಂದೊಂದು ಕಣಿವೆಯಲ್ಲಿ, ಒಂದೊಂದು ಊರಿನಲ್ಲಿ, ಕೆಲವೊಮ್ಮೆ ಒಂದೆರಡು ಮನೆತನಗಳ ತೋಟದಲ್ಲಿ ಮಾತ್ರ ಬದುಕಿವೆ. ಅಂಥದ್ದೊಂದು ತಳಿ ಸ್ಕ್ಯೊಪ್ಪೆತ್ತೀನೊ. ಇಟಲಿಯ ಈಶಾನ್ಯ ಮೂಲೆಯಲ್ಲಿ, ಸ್ಲೊವೇನಿಯಾದ ಗಡಿಗೆ ಒತ್ತಿಕೊಂಡಿರುವ ಪ್ರೆಪೊತ್ತೊ ಎಂಬ ಪುಟ್ಟ ಊರು ಅದರ ತವರು.

ಅಪರೂಪದ ವೈನ್ ಅಂದ ಕೂಡಲೇ ಹತ್ತು ತಳಿಗಳ ಪಟ್ಟಿ ಹಿಡಿದು ಒಂದೊಂದನ್ನೂ ಒಮ್ಮೆ ರುಚಿ ನೋಡಿ ಮುಂದೆ ಹೋಗುವವರಿದ್ದಾರೆ. ನನಗೆ ಆ ದಾರಿಯಲ್ಲಿ ನಂಬಿಕೆಯಿಲ್ಲ. ಒಂದೇ ತಳಿಯನ್ನು ಆರಿಸಿಕೊಂಡು ಅದರ ಪರಿಮಳ, ಅದರ ಮಣ್ಣು, ಅದನ್ನು ಉಳಿಸಿದ ಜನ, ಅದರ ಜೊತೆಗಿನ ಊಟ, ಇಷ್ಟನ್ನೂ ಸರಿಯಾಗಿ ತಿಳಿದುಕೊಂಡರೆ ಉಳಿದ ತಳಿಗಳ ಬಾಗಿಲು ತಾನಾಗಿ ತೆರೆಯುತ್ತದೆ. ಕನ್ನಡಿಗರಿಗೆ ಸ್ಕ್ಯೊಪ್ಪೆತ್ತೀನೊ ಅದಕ್ಕೆ ಹೇಳಿ ಮಾಡಿಸಿದಂತಿದೆ. ಈ ವೈನಿನ ಗುರುತೇ ಕಾಳುಮೆಣಸಿನ ವಾಸನೆ. ಮಲೆನಾಡು, ಕೊಡಗು, ಕರಾವಳಿಯ ಅಡುಗೆಮನೆಯಲ್ಲಿ ಬೆಳೆದ ಮೂಗಿಗೆ ಆ ವಾಸನೆಯನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಹೆಜ್ಜೆ 1: ಬಾಟಲಿಗೂ ಮೊದಲು ಮೂಗು

ವೈನಿನ ಬಗ್ಗೆ ಬರೆಯುವವರು ‘ಮೆಣಸಿನ ಪರಿಮಳ’ ಎಂದಾಗ ಅದನ್ನು ಕವಿಯ ಅಲಂಕಾರವೆಂದು ಭಾವಿಸಬೇಡಿ. ಇಲ್ಲಿ ಅದು ಅಕ್ಷರಶಃ ನಿಜ. ಕಾಳುಮೆಣಸಿನ ಘಮಕ್ಕೆ ಕಾರಣವಾದ ಸಂಯುಕ್ತಗಳಲ್ಲಿ ರೊಟಂಡೋನ್ ಎಂಬುದು ಪ್ರಮುಖವಾದದ್ದು. 2008ರಲ್ಲಿ ಆಸ್ಟ್ರೇಲಿಯಾದ ವೈನ್ ಸಂಶೋಧಕರು ಶಿರಾಜ್ ದ್ರಾಕ್ಷಿಯ ಮೆಣಸಿನ ವಾಸನೆಗೂ ಇದೇ ಕಾರಣವೆಂದು ತೋರಿಸಿದರು. 2011ರಲ್ಲಿ ಉತ್ತರ ಇಟಲಿಯ ಎಡ್ಮಂಡ್ ಮಾಕ್ ಪ್ರತಿಷ್ಠಾನದ ಸಂಶೋಧಕರು ಸ್ಕ್ಯೊಪ್ಪೆತ್ತೀನೊ ಮತ್ತು ವೆಸ್ಪೊಲೀನಾ ಎಂಬ ಎರಡು ಕೆಂಪು ತಳಿಗಳಲ್ಲಿಯೂ, ಆಸ್ಟ್ರಿಯಾದ ಗ್ರ್ಯೂನರ್ ವೆಲ್ಟ್‌ಲೀನರ್ ಎಂಬ ಬಿಳಿ ತಳಿಯಲ್ಲಿಯೂ ಇದು ಹೇರಳವಾಗಿರುವುದನ್ನು ಕಂಡುಕೊಂಡರು. ರೊಟಂಡೋನ್ ಮೊದಲು ಪತ್ತೆಯಾದದ್ದು ದ್ರಾಕ್ಷಿಯಲ್ಲೂ ಅಲ್ಲ, ಮೆಣಸಿನಲ್ಲೂ ಅಲ್ಲ. ನಮ್ಮ ಹೊಲಗಳಲ್ಲಿ ರೈತರು ಕಿತ್ತು ಕಿತ್ತು ಸುಸ್ತಾಗುವ ಜೇಕಿನ ಗಡ್ಡೆಯಲ್ಲಿ. ಆಯುರ್ವೇದದವರು ಭದ್ರಮುಷ್ಟಿ ಎನ್ನುವ ಆ ಗಡ್ಡೆಯ ಸಸ್ಯಶಾಸ್ತ್ರೀಯ ಹೆಸರಾದ ಸೈಪರಸ್ ರೊಟಂಡಸ್‌ನಿಂದಲೇ ಈ ಸಂಯುಕ್ತಕ್ಕೆ ಹೆಸರು ಬಂದಿದೆ.

ಇದರ ಶಕ್ತಿ ಅಸಾಧಾರಣ. ಒಂದು ಲೀಟರ್ ಕೆಂಪು ವೈನಿನಲ್ಲಿ 16 ನ್ಯಾನೊಗ್ರಾಂ ಇದ್ದರೂ ಮೂಗು ಹಿಡಿಯುತ್ತದೆ. ಒಂದು ಗ್ರಾಂ ಅನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಬರೀ ಹದಿನಾರು ಪಾಲು. ಆದರೆ ಎಲ್ಲರ ಮೂಗೂ ಹಿಡಿಯುವುದಿಲ್ಲ. ಆಸ್ಟ್ರೇಲಿಯಾದ ಅದೇ ಅಧ್ಯಯನದಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ, ಪ್ರಮಾಣವನ್ನು ನೂರಾರು ಪಟ್ಟು ಹೆಚ್ಚಿಸಿದರೂ, ಇದರ ವಾಸನೆಯೇ ಗೊತ್ತಾಗಲಿಲ್ಲ. ಅದು ಶೀತದಿಂದಾಗಲಿ ಅಜಾಗರೂಕತೆಯಿಂದಾಗಲಿ ಅಲ್ಲ, ಈ ಒಂದು ವಾಸನೆಯ ಮಟ್ಟಿಗೆ ಮೂಗು ಇರುವುದೇ ಹಾಗೆ. ಆದ್ದರಿಂದ ಈ ವೈನನ್ನು ಮೊದಲ ಸಲ ಒಬ್ಬರೇ ಕುಳಿತು ಸವಿಯಬೇಡಿ. ನಾಲ್ಕೈದು ಜನ ಇದ್ದರೆ ಯಾರ ಮೂಗು ಏನು ಹೇಳುತ್ತದೆ ಎಂಬುದು ತಿಳಿಯುತ್ತದೆ. ‘ಮೆಣಸೆಲ್ಲಿದೆ, ನನಗೆ ಬರೀ ಹಣ್ಣಿನ ವಾಸನೆ ಬರುತ್ತಿದೆ’ ಎಂದು ಒಬ್ಬರು ಹೇಳಿದರೆ ಅವರನ್ನು ತಿದ್ದಲು ಹೋಗಬೇಡಿ. ಅವರ ಪಾಲಿಗೆ ಅದೇ ಸತ್ಯ.

ತಯಾರಿ ಹೀಗಿರಲಿ. ಹತ್ತು ಹನ್ನೆರಡು ಒಳ್ಳೆಯ ಮೆಣಸಿನ ಕಾಳುಗಳನ್ನು ಕುಟ್ಟಾಣಿಯಲ್ಲಿ ಹಾಕಿ ಒಂದೇ ಏಟು ಕೊಡಿ, ಪುಡಿ ಮಾಡಬೇಡಿ. ಕಾಳು ಎರಡು ಮೂರು ಹೋಳಾದರೆ ಸಾಕು. ಕೂಡಲೇ ಮೂಗಿಗೆ ಬರುವುದು ನಿಂಬೆ ಸಿಪ್ಪೆಯಂಥ, ದೇವದಾರು ಮರದಂಥ ಹಗುರ ವಾಸನೆ. ಐದಾರು ನಿಮಿಷ ಬಿಟ್ಟು ಮತ್ತೆ ಮೂಸಿ. ಹಗುರವಾದದ್ದು ಹಾರಿಹೋಗಿ ಕೆಳಗಿನ ಗಾಢವಾದ, ಒಣ ಮರದ ಹೊಟ್ಟಿನಂಥ, ಬೆಚ್ಚನೆಯ ಘಮ ಉಳಿದಿರುತ್ತದೆ. ಅದನ್ನು ನೆನಪಿಟ್ಟುಕೊಳ್ಳಿ. ವೈನಿನಲ್ಲಿ ನೀವು ಹುಡುಕಬೇಕಾದದ್ದು ಈ ಎರಡನೆಯದನ್ನು. ಮೆಣಸಿನ ಖಾರವನ್ನು ಮಾತ್ರ ವೈನಿನಲ್ಲಿ ನಿರೀಕ್ಷಿಸಬೇಡಿ. ಖಾರಕ್ಕೆ ಕಾರಣ ಪೈಪರಿನ್ ಎಂಬ ಬೇರೆಯೇ ವಸ್ತು, ಅದು ದ್ರಾಕ್ಷಿಯಲ್ಲಿಲ್ಲ. ನಾಲಿಗೆ ಚುರುಗುಟ್ಟಿದರೆ ಅದು ಮದ್ಯಸಾರದ ಉರಿಯೇ ಹೊರತು ಮೆಣಸಲ್ಲ.

ಹೆಜ್ಜೆ 2: ಊರು, ಮಣ್ಣು, ಮತ್ತು ಕಾಯಿದೆಯ ಕಥೆ

ನಕಾಶೆಯಲ್ಲಿ ವೆನಿಸ್ ಹುಡುಕಿ, ಅಲ್ಲಿಂದ ಈಶಾನ್ಯಕ್ಕೆ ಬನ್ನಿ. ಊದಿನೆ ನಗರ ಸಿಗುತ್ತದೆ. ಅದರ ಪೂರ್ವಕ್ಕೆ ಚಿವಿದಾಲೆ, ಅದರಾಚೆಗಿನ ಗುಡ್ಡಗಳಲ್ಲಿ ಪ್ರೆಪೊತ್ತೊ. ಊರಿನ ಪಕ್ಕದಲ್ಲಿ ಹರಿಯುವ ಯೂದ್ರಿಯೊ ಸಣ್ಣ ಹೊಳೆ, ಆದರೆ ಅದರ ಚರಿತ್ರೆ ದೊಡ್ಡದು. 1866ರಿಂದ ಮೊದಲ ಮಹಾಯುದ್ಧದವರೆಗೆ ಇಟಲಿಗೂ ಆಸ್ಟ್ರಿಯಾ ಸಾಮ್ರಾಜ್ಯಕ್ಕೂ ಅದೇ ಗಡಿ. ಇಂದಿಗೂ ಕೆಲವು ಕಡೆ ಇಟಲಿ ಮತ್ತು ಸ್ಲೊವೇನಿಯಾಗಳ ಗಡಿ ಅದರ ಗುಂಟವೇ ಸಾಗುತ್ತದೆ. ಉತ್ತರದ ಜೂಲಿಯನ್ ಆಲ್ಪ್ಸ್ ಪರ್ವತಗಳು ಚಳಿಗಾಳಿಯನ್ನು ತಡೆಯುತ್ತವೆ, ದಕ್ಷಿಣದಲ್ಲಿ ಆಡ್ರಿಯಾಟಿಕ್ ಸಮುದ್ರ ಅಷ್ಟೇನೂ ದೂರವಿಲ್ಲ. ಹಗಲು ಬಿಸಿಲು, ರಾತ್ರಿ ಕಣಿವೆಯ ತಂಪು. ತಡವಾಗಿ ಮಾಗುವ ಈ ದ್ರಾಕ್ಷಿಗೆ ಎರಡೂ ಬೇಕು. ರೊಟಂಡೋನ್ ಸೇರುವುದು ಹಣ್ಣಿನ ಸಿಪ್ಪೆಯಲ್ಲಿ, ಅದೂ ಹಣ್ಣು ಬಣ್ಣ ತಿರುಗಿದ ಮೇಲೆ. ತಂಪು ಮತ್ತು ನೆರಳು ಇದ್ದಲ್ಲಿ ಅದು ಹೆಚ್ಚು, ಸುಡುಬಿಸಿಲಿನಲ್ಲಿ ಕಡಿಮೆ.

ಇಲ್ಲಿಯ ಮಣ್ಣಿಗೆ ಸ್ಥಳೀಯರು ಪೊಂಕಾ ಎನ್ನುತ್ತಾರೆ. ಒಂದು ಕಾಲದಲ್ಲಿ ಸಮುದ್ರದ ತಳವಾಗಿದ್ದ ಸುಣ್ಣಜೇಡಿ ಮತ್ತು ಮರಳುಗಲ್ಲಿನ ಪದರಗಳು ಒಂದರ ಮೇಲೊಂದು ಕುಳಿತಿರುವ ಕಲ್ಲು ಅದು. ಗುಡ್ಡ ಕಡಿದ ಕಡೆ ಬೂದು ಮತ್ತು ಹಳದಿ ಪಟ್ಟೆಗಳು ಸರಿಯಾಗಿ ಕಾಣುತ್ತವೆ. ಅಗೆದು ತೆಗೆದಾಗ ಗಟ್ಟಿಯಾಗಿರುವ ಹೆಂಟೆ ಮಳೆ, ಗಾಳಿ, ಹಿಮಕ್ಕೆ ಸಿಕ್ಕಿದರೆ ಚೂರುಚೂರಾಗಿ ಉದುರುತ್ತದೆ. ನೀರು ನಿಲ್ಲದ ಇಳಿಜಾರು, ಬೇರು ಇಳಿಯಲು ಬಿರುಕು. ಬಳ್ಳಿಗೆ ಇನ್ನೇನು ಬೇಕು?

ಇಷ್ಟೆಲ್ಲ ಇದ್ದೂ ಈ ತಳಿ ಅಳಿವಿನಂಚಿಗೆ ಬಂದದ್ದು ಹೇಗೆ ಎಂಬುದನ್ನು ತಿಳಿಯದೆ ಬಾಟಲಿ ತೆರೆಯಬಾರದು ಎಂಬುದು ನನ್ನ ಹಟ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯುರೋಪಿನ ತೋಟಗಳಿಗೆ ಫಿಲಾಕ್ಸೆರಾ ಎಂಬ ಬೇರುಹೇನು ನುಗ್ಗಿತು. ಮತ್ತೆ ಬಳ್ಳಿ ನೆಡುವಾಗ ರೈತರು ಹೆಚ್ಚು ಇಳುವರಿ ಕೊಡುವ, ಮಾರಾಟಕ್ಕೆ ಸುಲಭವಾದ ಮೆರ್ಲೊ, ಕಾಬೆರ್ನೆಯಂಥ ಫ್ರೆಂಚ್ ತಳಿಗಳತ್ತ ವಾಲಿದರು. ಮೇಲಿಂದ ಮೇಲೆ ಎರಡು ಮಹಾಯುದ್ಧಗಳು ಈ ಗಡಿಯನ್ನು ತುಳಿದುಹೋದವು. 1970ರ ಹೊತ್ತಿಗೆ ಸ್ಕ್ಯೊಪ್ಪೆತ್ತೀನೊ ಹಳೆಯ ತೋಟಗಳ ಮೂಲೆಯಲ್ಲಿ, ಬೇರೆ ಬಳ್ಳಿಗಳ ನಡುವೆ ಅಲ್ಲೊಂದು ಇಲ್ಲೊಂದು ಉಳಿದಿತ್ತು. ಅದಕ್ಕಿಂತ ದೊಡ್ಡ ಸಂಕಟವೆಂದರೆ, ಪರವಾನಗಿಯುಳ್ಳ ತಳಿಗಳ ಸರ್ಕಾರಿ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಪಟ್ಟಿಯಲ್ಲಿಲ್ಲದ್ದನ್ನು ಹೊಸದಾಗಿ ನೆಟ್ಟರೆ ಕಾಯಿದೆಯ ಪ್ರಕಾರ ತಪ್ಪು. ಹುಳುವಿನಿಂದ ಪಾರಾದ ತಳಿಯನ್ನು ಕಾಗದ ಕೊಲ್ಲುವ ಹಂತಕ್ಕೆ ಬಂದಿತ್ತು.

ಆಗ ಪಾವೊಲೊ ರಾಪುತ್ಸಿ ಮತ್ತು ದೀನಾ ರಾಪುತ್ಸಿ ದಂಪತಿ 1970ರಲ್ಲಿ ಪ್ರೆಪೊತ್ತೊ ಸೀಮೆಯ ಚಾಲ್ಲಾ ಕಣಿವೆಯಲ್ಲಿ ಜಮೀನು ಕೊಂಡು ರೊಂಕಿ ದಿ ಚಾಲ್ಲಾ ತೋಟವನ್ನು ಆರಂಭಿಸಿದರು. ಊರ ತಳಿಗಳನ್ನೇ ಬೆಳೆಯಬೇಕೆಂಬುದು ಅವರ ಸಂಕಲ್ಪ. ಅಳಿದುಳಿದ ಬಳ್ಳಿಗಳನ್ನು ಹುಡುಕಿ, ಕಡ್ಡಿ ತಂದು ಕಸಿ ಕಟ್ಟಿ, ಕಾಯಿದೆ ಒಪ್ಪದಿದ್ದರೂ ನೆಟ್ಟರು. ಅದೇ ಪ್ರಾಂತದ ಪೆರ್ಕೊತೊ ಊರಿನಲ್ಲಿ ಗ್ರಾಪ್ಪಾ ಎಂಬ ದ್ರಾಕ್ಷಿ ಮದ್ಯ ಭಟ್ಟಿ ಇಳಿಸುವ ನೊನೀನೊ ಕುಟುಂಬ 1975ರಲ್ಲಿ ‘ರಿಸಿತ್ ದಾವುರ್’ ಎಂಬ ಪ್ರಶಸ್ತಿಯನ್ನು ಸ್ಥಾಪಿಸಿತು. ಚಿನ್ನದ ಬಳ್ಳಿಕುಡಿ ಎಂದು ಅದರ ಅರ್ಥ. ಅಳಿಯುತ್ತಿರುವ ಊರ ತಳಿಗಳನ್ನು ನೆಟ್ಟವರಿಗೆ ಅದು ಬಹುಮಾನ. 1976ರಲ್ಲಿ ಮೊದಲ ಪ್ರಶಸ್ತಿ ಸ್ಕ್ಯೊಪ್ಪೆತ್ತೀನೊ ಬೆಳೆದದ್ದಕ್ಕಾಗಿ ರಾಪುತ್ಸಿ ದಂಪತಿಗೆ ಸಂದಿತು. ಸರ್ಕಾರ ಬೇಡವೆಂದ ಬಳ್ಳಿಗೆ ಜನರೆದುರು ಬಹುಮಾನ! ಬೇಡಿಕೆ ಬಲಗೊಂಡು, ಮುಂದೆ ಯುರೋಪಿನ ಅಧಿಕಾರಿಗಳು ಈ ತಳಿಯನ್ನು ಪಟ್ಟಿಗೆ ಸೇರಿಸಿಕೊಂಡರು. ಇಂದು ಪ್ರೆಪೊತ್ತೊದ ಹಲವು ಕುಟುಂಬಗಳು ಇದನ್ನು ಬೆಳೆಯುತ್ತವೆ, ಊರಿನ ಹೆಸರಿನಲ್ಲೇ ವೈನಿನ ಒಂದು ಅಧಿಕೃತ ಉಪವಲಯವೂ ಇದೆ. ಅದೇ ಪ್ರಶಸ್ತಿ ಕೆಲವೇ ವರ್ಷಗಳಲ್ಲಿ ಸಾಹಿತ್ಯಕ್ಕೂ ವಿಸ್ತರಿಸಿತು. ವಿ.ಎಸ್. ನೈಪಾಲ್ 1993ರಲ್ಲಿ ಅದನ್ನು ಪಡೆದವರು.

ಇನ್ನೊಂದು ಮಾತು. ಪ್ರೆಪೊತ್ತೊ ಇರುವ ಈ ಫ್ರಿಯುಲಿ ಸೀಮೆ 1420ರಿಂದ 1797ರವರೆಗೆ ವೆನಿಸ್ ಗಣರಾಜ್ಯದ ಆಳ್ವಿಕೆಯಲ್ಲಿತ್ತು. ಆ ವೆನಿಸಿನ ಸಂಪತ್ತಿನ ದೊಡ್ಡ ಪಾಲು ನಮ್ಮ ಪಶ್ಚಿಮ ಕರಾವಳಿಯಿಂದ ಅರಬ್ ವರ್ತಕರ ಕೈದಾಟಿ ಬರುತ್ತಿದ್ದ ಕಾಳುಮೆಣಸಿನ ವ್ಯಾಪಾರದಿಂದ ಬಂದದ್ದು. ಹಡಗಿನಲ್ಲಿ ಬಂದಿಳಿಯುತ್ತಿದ್ದ ಅದೇ ಘಮ ಆ ಗುಡ್ಡಗಳ ದ್ರಾಕ್ಷಿಯ ಸಿಪ್ಪೆಯಲ್ಲೂ ಅಡಗಿತ್ತು ಎಂಬುದು ನನಗಂತೂ ಎಷ್ಟು ನೆನೆದರೂ ಸಾಲದ ಸಂಗತಿ.

ಹೆಜ್ಜೆ 3: ಲೇಬಲ್ ಓದುವುದು

ಮೊದಲು ಉಚ್ಚಾರಣೆ. ಬಾಟಲಿಯ ಮೇಲಿನ ಅಕ್ಷರಗಳನ್ನು ಇಂಗ್ಲಿಷಿನ ರೂಢಿಯಲ್ಲಿ ಓದಿದರೆ ‘ಶಿಯೋಪೆಟಿನೋ’ ಎಂದಾಗುತ್ತದೆ. ಇಟಲಿಯವರ ಬಾಯಲ್ಲಿ ಅದು ‘ಸ್ಕ್’ ಎಂದೇ ಆರಂಭವಾಗುತ್ತದೆ. ಅಂಗಡಿಯಲ್ಲಿ ಕೇಳುವಾಗ ಇದು ಉಪಯೋಗಕ್ಕೆ ಬರುತ್ತದೆ.

ಹೆಸರಿನ ಜೊತೆಗೆ ಇರುವ ಊರಿನ ಗುರುತು ಮುಖ್ಯ. ‘ಫ್ರಿಯುಲಿ ಕೊಲ್ಲಿ ಓರಿಯೆಂತಾಲಿ’ ಎಂದಿದ್ದರೆ ಈ ಪೂರ್ವದ ಗುಡ್ಡಸಾಲಿನದು. ಹಳೆಯ ಬಾಟಲಿಗಳಲ್ಲಿ ಅದೇ ಹೆಸರು ಹಿಂದುಮುಂದಾಗಿ ‘ಕೊಲ್ಲಿ ಓರಿಯೆಂತಾಲಿ ದೆಲ್ ಫ್ರಿಯುಲಿ’ ಎಂದಿರುತ್ತದೆ, ಎರಡೂ ಒಂದೇ. ‘ಸ್ಕ್ಯೊಪ್ಪೆತ್ತೀನೊ ದಿ ಪ್ರೆಪೊತ್ತೊ’ ಎಂದಿದ್ದರೆ ತವರೂರಿನ ಉಪವಲಯದ್ದು. ಅಲ್ಲಿ ನಿಯಮ ಬಿಗಿ, ಮಾರುಕಟ್ಟೆಗೆ ಬರುವ ಮುನ್ನ ಹೆಚ್ಚು ಕಾಲ ಮಾಗಿಸುತ್ತಾರೆ. ‘ಚಾಲ್ಲಾ’ ಎಂದಿದ್ದರೆ ಅದೇ ಹೆಸರಿನ ಕಣಿವೆಯದು. ಬರೀ ‘ವೆನೆತ್ಸಿಯಾ ಜೂಲಿಯಾ’ ಎಂದಿದ್ದರೆ ವ್ಯಾಪಕ ಪ್ರದೇಶದ, ಸಡಿಲ ನಿಯಮದ ವೈನ್. ಅದು ಕಳಪೆ ಎಂದೇನೂ ಅಲ್ಲ, ಆದರೆ ಮೊದಲ ಬಾಟಲಿಗೆ ಊರಿನ ಹೆಸರಿರುವುದನ್ನೇ ಆರಿಸಿ.

‘ರಿಬೊಲ್ಲಾ ನೇರಾ’ ಎಂಬ ಹೆಸರು ಕಂಡರೆ ಗಾಬರಿಯಾಗಬೇಡಿ. ಇದೇ ತಳಿಯ ಇನ್ನೊಂದು ಹೆಸರು ಅದು. ‘ರಿಬೊಲ್ಲಾ ಜಾಲ್ಲಾ’ ಮಾತ್ರ ಅದೇ ಸೀಮೆಯ ಬೇರೆಯೇ ಬಿಳಿ ದ್ರಾಕ್ಷಿ. ಗಡಿಯಾಚೆಗಿನ ಸ್ಲೊವೇನಿಯಾದಲ್ಲಿ ಸ್ಕ್ಯೊಪ್ಪೆತ್ತೀನೊವನ್ನು ‘ಪೊಕಾಲ್ತ್ಸಾ’ ಎಂದು ಕರೆಯುತ್ತಾರೆ.

ವರ್ಷವನ್ನೂ ನೋಡಿ. ಮೆಣಸಿನ ಘಮವೇ ಬೇಕೆಂದರೆ ತಂಪಾದ ವರ್ಷದ ವೈನ್ ಹುಡುಕಿ. 2014 ಉತ್ತರ ಇಟಲಿಯಲ್ಲಿ ಮಳೆಯ, ತಂಪಿನ ವರ್ಷ. 2003 ಮತ್ತು 2022 ಯುರೋಪಿಗೇ ಬಿಸಿಲಿನ ವರ್ಷಗಳು, ಆಗ ಹಣ್ಣಿನ ರುಚಿ ದಟ್ಟವಾಗಿ ಮೆಣಸು ಹಿಂದೆ ಸರಿಯುತ್ತದೆ. ಮದ್ಯಸಾರದ ಪ್ರಮಾಣವೂ ಒಂದು ಸುಳಿವು. 12.5ರಿಂದ 13.5 ಶೇಕಡಾ ಇದ್ದರೆ ಹಗುರವಾದ, ಲವಲವಿಕೆಯ ಶೈಲಿ ಎಂದು ತಿಳಿಯಬಹುದು. 14ನ್ನು ದಾಟಿದ್ದರೆ ದ್ರಾಕ್ಷಿಯನ್ನು ಬಹಳ ಮಾಗಿಸಿಯೋ ಕೊಯ್ದ ಮೇಲೆ ಸ್ವಲ್ಪ ಒಣಗಿಸಿಯೋ ಮಾಡಿದ ದಟ್ಟ ವೈನ್ ಇರಬಹುದು. ಮೊಸ್ಕಿಯೋನಿ ಎಂಬ ತೋಟದವರು ಆ ಒಣಗಿಸುವ ಶೈಲಿಗೆ ಹೆಸರಾದವರು. ಒಳ್ಳೆಯ ವೈನೇ, ಆದರೆ ತಳಿಯ ಸಹಜ ಮುಖವನ್ನು ನೋಡಿದ ಮೇಲೆ ಅಲ್ಲಿಗೆ ಹೋಗುವುದು ಮೇಲು.

ಸಸ್ಯಾಹಾರಿ ಓದುಗರಿಗೆ ಒಂದು ಸೂಚನೆ. ವೈನನ್ನು ತಿಳಿಗೊಳಿಸಲು ಕೆಲವರು ಮೊಟ್ಟೆಯ ಬಿಳಿಭಾಗವನ್ನು ಬಳಸುತ್ತಾರೆ. ಅದರ ಅಂಶ ವೈನಿನಲ್ಲಿ ಉಳಿದಿದ್ದರೆ ಲೇಬಲ್ಲಿನಲ್ಲಿ ಹೇಳಬೇಕೆಂಬ ನಿಯಮ ಯುರೋಪಿನಲ್ಲಿದೆ. ಖಚಿತವಾಗಿ ಬೇಡವೆಂದರೆ ‘ವೀಗನ್’ ಗುರುತಿರುವ ಬಾಟಲಿಯನ್ನು ಆರಿಸಿ, ಇಲ್ಲವೇ ತೋಟದವರಿಗೆ ಬರೆದು ಕೇಳಿ.

ಹೆಜ್ಜೆ 4: ಎಲ್ಲಿ ಕೊಳ್ಳುವುದು

ಬೆಂಗಳೂರಿನ ಅಂಗಡಿಗಳಲ್ಲಿ ಈ ವೈನ್ ಸಿಗುತ್ತದೆಂದು ನಂಬಿಕೊಂಡು ಕೂರಬೇಡಿ. ಆಮದು ವೈನಿನ ಮೇಲಿನ ಭಾರೀ ಸುಂಕ, ಅದರ ಮೇಲೆ ರಾಜ್ಯದ ಅಬಕಾರಿ ತೆರಿಗೆ, ಇಷ್ಟೆಲ್ಲ ಕಟ್ಟಿ ಯಾರೂ ಕೇಳದ ಹೆಸರಿನ ಬಾಟಲಿಯನ್ನು ತರಿಸುವ ಆಮದುದಾರರು ವಿರಳ. ಪ್ರಾಯೋಗಿಕ ದಾರಿ ಎಂದರೆ ಯುರೋಪಿನಿಂದ ಬರುವವರ ಕೈಯಲ್ಲಿ ತರಿಸುವುದು. ವಿದೇಶದಿಂದ ಮರಳುವ ವಯಸ್ಕ ಪ್ರಯಾಣಿಕರು ಒಬ್ಬರಿಗೆ 2 ಲೀಟರಿನವರೆಗೆ ಮದ್ಯ ಅಥವಾ ವೈನನ್ನು ಸುಂಕವಿಲ್ಲದೆ ತರಬಹುದು. 750 ಮಿಲಿಲೀಟರಿನ ಎರಡು ಬಾಟಲಿ ಅದರೊಳಗೆ ಬರುತ್ತದೆ. ಕೈಚೀಲದಲ್ಲಿ ದ್ರವಕ್ಕೆ ಮಿತಿ ಇರುವುದರಿಂದ ದೊಡ್ಡ ಪೆಟ್ಟಿಗೆಯಲ್ಲೇ ಇಡಬೇಕು. ಪ್ರತಿ ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ದಪ್ಪ ಬಟ್ಟೆ ಸುತ್ತಿ, ಪೆಟ್ಟಿಗೆಯ ನಡುಭಾಗದಲ್ಲಿ ಇಡಿ. ಅಂಚಿಗೆ ತಾಗಿದ ಬಾಟಲಿಯೇ ಒಡೆಯುವುದು.

ಜರ್ಮನಿ, ಬ್ರಿಟನ್, ಅಮೆರಿಕಗಳಲ್ಲಿರುವ ಕನ್ನಡಿಗರಿಗೆ ಇಷ್ಟು ಕಷ್ಟವಿಲ್ಲ. ಇಟಾಲಿಯನ್ ವೈನಿಗೆ ಮೀಸಲಾದ ಸಣ್ಣ ಅಂಗಡಿಗಳಲ್ಲಿ ಕೇಳಿ. ವೈನ್-ಸರ್ಚರ್‌ನಂಥ ಜಾಲತಾಣದಲ್ಲಿ ತಳಿಯ ಹೆಸರು ಹಾಕಿದರೆ ಹತ್ತಿರದ ಮಾರಾಟಗಾರರು ಕಾಣುತ್ತಾರೆ. ಕಣ್ಣಿಡಬೇಕಾದ ಹೆಸರುಗಳು: ರೊಂಕಿ ದಿ ಚಾಲ್ಲಾ, ಪೆತ್ರುಸ್ಸಾ, ವೀನ್ಯಾ ಪೆತ್ರುಸ್ಸಾ, ಗ್ರಿಲ್ಲೊ ಯೋಲೆ, ಪಿತ್ಸುಲಿನ್, ರೊಂಕೊ ಸೆವೇರೊ, ಲಾ ವಿಯಾರ್ತೆ. ಪೆತ್ರುಸ್ಸಾ ಮತ್ತು ವೀನ್ಯಾ ಪೆತ್ರುಸ್ಸಾ ಬೇರೆ ಬೇರೆ ತೋಟಗಳು ಎಂಬುದು ನೆನಪಿರಲಿ. ಅಪರೂಪದ್ದಾದರೂ ಇದು ಸಿರಿವಂತರಿಗೆ ಮಾತ್ರ ಎಟಕುವ ವೈನಲ್ಲ. ಹೆಸರಾಂತ ಬರೋಲೊ, ಬ್ರುನೆಲ್ಲೊಗಳಿಗೆ ಕೊಡುವ ಹಣಕ್ಕಿಂತ ಸಾಮಾನ್ಯವಾಗಿ ಕಡಿಮೆಗೇ ಸಿಗುತ್ತದೆ.

ಸಾಧ್ಯವಾದರೆ ಒಂದೇ ತೋಟದ ಎರಡು ಬಾಟಲಿ ಕೊಳ್ಳಿ. ಒಂದನ್ನು ಈಗ ತೆರೆಯಲು, ಇನ್ನೊಂದನ್ನು ಇಟ್ಟು ನೋಡಲು. ಇಡುವ ಜಾಗ ಮಾತ್ರ ತಂಪಾಗಿರಬೇಕು. ಬೇಸಿಗೆಯಲ್ಲಿ ಅಡುಗೆಮನೆಯ ಅಟ್ಟದ ಮೇಲೆ ಇಟ್ಟ ವೈನ್ ಒಂದೇ ಏಪ್ರಿಲ್‌ನಲ್ಲಿ ಬೆಂದುಹೋಗುತ್ತದೆ. ವೈನಿನ ಫ್ರಿಜ್ ಇಲ್ಲದಿದ್ದರೆ ಕೂಡಿಡುವ ಆಸೆ ಬಿಟ್ಟು ಕೆಲವು ವಾರಗಳಲ್ಲೇ ಕುಡಿದು ಮುಗಿಸುವುದು ಲೇಸು.

ಹೆಜ್ಜೆ 5: ಊರಿಗೇ ಹೋಗುವುದಾದರೆ

ವೆನಿಸ್ ನೋಡಲು ಹೋಗುವ ನಮ್ಮವರು ಸಾವಿರಾರು. ಅವರಲ್ಲಿ ಊದಿನೆಯತ್ತ ಹೊರಳುವವರು ಎಷ್ಟು ಕಡಿಮೆ ಎಂದು ನನಗೆ ಬೇಸರವಾಗುತ್ತದೆ. ವೆನಿಸಿನಿಂದ ಊದಿನೆಗೆ ರೈಲಿನಲ್ಲಿ ಸುಮಾರು ಎರಡು ಗಂಟೆ. ಅಲ್ಲಿಂದ ಚಿವಿದಾಲೆಗೆ ಇನ್ನೊಂದು ಸಣ್ಣ ರೈಲು. ಚಿವಿದಾಲೆಯಲ್ಲೇ ಉಳಿದುಕೊಳ್ಳಿ. ಲೊಂಬಾರ್ಡ್ ಜನರ ಕಾಲದ ಪುಟ್ಟ ಪ್ರಾರ್ಥನಾ ಮಂದಿರ ಅಲ್ಲಿದೆ, 2011ರಿಂದ ಯುನೆಸ್ಕೊ ಪಟ್ಟಿಯಲ್ಲಿರುವುದು. ನತಿಸೋನೆ ನದಿಗೆ ಕಟ್ಟಿದ ‘ಸೈತಾನನ ಸೇತುವೆ’ಯೂ ಇದೆ. ಪ್ರೆಪೊತ್ತೊ ಅಲ್ಲಿಂದ ಹತ್ತಿರ, ಆದರೆ ತೋಟದಿಂದ ತೋಟಕ್ಕೆ ಹೋಗಲು ವಾಹನ ಬೇಕು. ಇಟಲಿಯಲ್ಲಿ ವಾಹನ ಚಾಲಕರ ರಕ್ತದಲ್ಲಿ ಮದ್ಯಸಾರ ಲೀಟರಿಗೆ 0.5 ಗ್ರಾಂ ಮೀರುವಂತಿಲ್ಲ. ಒಬ್ಬರು ಕುಡಿಯದೆ ಚಾಲಕರಾಗಿ ಉಳಿಯಲಿ, ಇಲ್ಲವೇ ಟ್ಯಾಕ್ಸಿ ಮಾಡಿ.

ಇವು ದೊಡ್ಡ ಸಂಸ್ಥೆಗಳಲ್ಲ, ಮನೆಯವರೇ ನಡೆಸುವ ತೋಟಗಳು. ವಾರಕ್ಕೂ ಮೊದಲೇ ಇಮೇಲ್ ಬರೆದು ಸಮಯ ಕೇಳಿ. ಸೆಪ್ಟೆಂಬರ್, ಅಕ್ಟೋಬರ್ ಕೊಯ್ಲಿನ ಕಾಲ, ಆಗ ಅವರಿಗೆ ಉಸಿರಾಡಲೂ ಬಿಡುವಿರುವುದಿಲ್ಲ. ಮೇ ಅಥವಾ ಜೂನ್ ಒಳ್ಳೆಯದು. ದಿನಕ್ಕೆ ಎರಡು ತೋಟ ಸಾಕು. ಹೋದಾಗ ಕೇಳಬೇಕಾದ ಪ್ರಶ್ನೆಗಳು ಮೂರು: ಗೊಂಚಲಿನ ಸುತ್ತಲಿನ ಎಲೆ ಕೀಳುತ್ತೀರಾ ಅಥವಾ ನೆರಳು ಉಳಿಸುತ್ತೀರಾ? ಯಾವ ಪೀಪಾಯಿಯಲ್ಲಿ ಎಷ್ಟು ಕಾಲ ಇಡುತ್ತೀರಿ? ನಿಮ್ಮ ಮನೆಯಲ್ಲಿ ಇದನ್ನು ಯಾವ ಅಡುಗೆಯ ಜೊತೆ ಕುಡಿಯುತ್ತೀರಿ? ಮೂರನೆಯ ಪ್ರಶ್ನೆಗೆ ಬರುವ ಉತ್ತರವೇ ಎಲ್ಲಕ್ಕಿಂತ ಉದ್ದವಾಗಿರುತ್ತದೆ. ರುಚಿ ನೋಡಿ ಹೊರಡುವಾಗ ಒಂದು ಬಾಟಲಿಯನ್ನಾದರೂ ಕೊಂಡುಬರುವುದು ಮರ್ಯಾದೆ. ಮೇಲಿನ ಗುಡ್ಡದಲ್ಲಿರುವ ಕಸ್ತೆಲ್‌ಮೊಂತೆಯ ಮಾತೆಯ ಯಾತ್ರಾಸ್ಥಳವೂ ಪ್ರೆಪೊತ್ತೊ ಸೀಮೆಗೇ ಸೇರಿದ್ದು. ಅಲ್ಲಿಗೆ ಹತ್ತಿ ನಿಂತರೆ ಇಡೀ ಕಣಿವೆ ಕಾಣುತ್ತದೆ.

ಹೆಜ್ಜೆ 6: ತೆರೆಯುವುದು, ಮೂಸುವುದು, ಗುಟುಕರಿಸುವುದು

ಹಳೆಯ ಬಾಟಲಿಯಾದರೆ ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ, ಗಸಿ ತಳಕ್ಕೆ ಇಳಿಯಲಿ. ಕೆಂಪು ವೈನನ್ನು ಕೋಣೆಯ ಉಷ್ಣಾಂಶದಲ್ಲಿ ಕುಡಿಯಬೇಕೆಂಬ ಮಾತು ಯುರೋಪಿನ ಚಳಿಯ ಮನೆಗಳಿಗೆ ಹೇಳಿದ್ದು. ನಮ್ಮ 28 ಡಿಗ್ರಿಯ ಕೋಣೆಗೆ ಅದು ಅನ್ವಯಿಸುವುದಿಲ್ಲ. ಸ್ಕ್ಯೊಪ್ಪೆತ್ತೀನೊಗೆ 16 ಡಿಗ್ರಿ ಹಿತ. ತೆರೆಯುವ ಮುನ್ನ ಸುಮಾರು ಒಂದೂವರೆ ಗಂಟೆ ಫ್ರಿಜ್ಜಿನಲ್ಲಿಡಿ. ಬಿಸಿಯಾದರೆ ಮದ್ಯಸಾರದ ಉರಿ ಮುಂದೆ ಬಂದು ಮೆಣಸನ್ನು ಮುಚ್ಚಿಬಿಡುತ್ತದೆ. ತೀರಾ ತಣ್ಣಗಾದರೆ ಪರಿಮಳ ಮೇಲೇಳುವುದಿಲ್ಲ, ಒಗರು ಮಾತ್ರ ಎದ್ದು ಕಾಣುತ್ತದೆ.

ಹೊಟ್ಟೆ ಅಗಲವಾಗಿ ಬಾಯಿ ಕಿರಿದಾಗಿರುವ ಗಾಜಿನ ಲೋಟ ತೆಗೆದುಕೊಳ್ಳಿ. 60 ಮಿಲಿಲೀಟರ್ ಸಾಕು. ಅಗರಬತ್ತಿ, ಒಗ್ಗರಣೆ, ಸೆಂಟು ಯಾವುದೂ ಹತ್ತಿರ ಸುಳಿಯದ ಜಾಗದಲ್ಲಿ ಕುಳಿತುಕೊಳ್ಳಿ. ಲೋಟವನ್ನು ಬಿಳಿ ಕಾಗದದ ಮೇಲೆ ಓರೆ ಹಿಡಿದು ಬಣ್ಣ ನೋಡಿ. ನಡುವೆ ಗಾಢ ಮಾಣಿಕ್ಯದ ಕೆಂಪು, ಎಳೆಯ ವೈನಾದರೆ ಅಂಚಿನಲ್ಲಿ ನೇರಳೆಯ ಛಾಯೆ, ವಯಸ್ಸಾದದ್ದಾದರೆ ಇಟ್ಟಿಗೆಯ ಬಣ್ಣ.

ಈಗ ಲೋಟವನ್ನು ಅಲುಗಾಡಿಸದೆ ಒಮ್ಮೆ ಮೂಸಿ. ಈ ಮೊದಲ ಉಸಿರು ಬಹಳ ಮುಖ್ಯ. ಯಾವ ವಾಸನೆಗಾದರೂ ಮೂಗು ಬೇಗ ಒಗ್ಗಿಹೋಗುತ್ತದೆ. ಎಡೆಬಿಡದೆ ನಾಲ್ಕು ಸಲ ಮೂಸಿದವರಿಗೆ ಐದನೆಯ ಸಲ ಏನೂ ಸಿಗದಿರಬಹುದು. ಒಮ್ಮೆ ಮೂಸಿ ಲೋಟ ಕೆಳಗಿಟ್ಟು, ಸ್ವಂತ ತೋಳಿನ ಚರ್ಮವನ್ನು ಮೂಸಿ, ಎರಡು ನಿಮಿಷ ಬಿಟ್ಟು ಮತ್ತೆ ಬನ್ನಿ. ಬಳಿಕ ಲೋಟವನ್ನು ನಿಧಾನವಾಗಿ ಸುತ್ತಿಸಿ ಮೂಸಿ. ಮೆಣಸಿನ ಹಿಂದಿನಿಂದ ನೇರಳೆ, ಕಪ್ಪು ಚೆರಿ, ಕಾಡುಹಣ್ಣು, ವಯಲೆಟ್ ಹೂವಿನ ಘಮಗಳು ಒಂದೊಂದಾಗಿ ಬರುತ್ತವೆ. ಹೊಸ ಓಕ್ ಪೀಪಾಯಿಯಲ್ಲಿಟ್ಟ ವೈನಾದರೆ ಲವಂಗ, ವೆನಿಲ್ಲಾ ಸೇರಿಕೊಂಡು ಗೊಂದಲವಾಗಬಹುದು. ಲವಂಗದ್ದು ಸಿಹಿ ಬೆರೆತ ವಾಸನೆ, ಪೀಪಾಯಿಯ ಕೊಡುಗೆ. ಮೆಣಸಿನದು ಒಣ ವಾಸನೆ, ದ್ರಾಕ್ಷಿಯ ಸಿಪ್ಪೆಯ ಕೊಡುಗೆ.

ಗುಟುಕನ್ನು ಬಾಯಲ್ಲಿ ತುಸು ಹೊತ್ತು ಆಡಿಸಿ. ಮೊದಲು ತಿಳಿಯುವುದು ಹುಳಿ, ಬಾಯಲ್ಲಿ ನೀರೂರಿಸುವಂಥದ್ದು. ಒಗರು ಮಧ್ಯಮ, ಎಳೆ ನೆಲ್ಲಿಕಾಯಿಯಷ್ಟು ಕಚ್ಚುವುದಿಲ್ಲ. ಮೈ, ಅಂದರೆ ಬಾಯಲ್ಲಿ ತಿಳಿಯುವ ವೈನಿನ ಭಾರ, ಕೂಡ ಮಧ್ಯಮ. ನುಂಗಿದ ಮೇಲೆ ಮೂಗಿನಿಂದ ಉಸಿರು ಹೊರಬಿಡಿ. ಗಂಟಲ ಹಿಂಬದಿಯಿಂದ ಮೆಣಸು ಮತ್ತೊಮ್ಮೆ ಮೇಲೆದ್ದು ಬರುತ್ತದೆ. ಲೋಟದಲ್ಲಿ ಸಿಗದವರಿಗೂ ಕೆಲವೊಮ್ಮೆ ಇಲ್ಲಿ ಸಿಗುವುದುಂಟು. ಎರಡು ಮೂರು ವೈನ್ ಒಟ್ಟಿಗೆ ಸವಿಯುತ್ತಿದ್ದರೆ ನುಂಗದೆ ಉಗಿಯಿರಿ, ಅದರಲ್ಲಿ ಸಂಕೋಚವೇನೂ ಇಲ್ಲ, ಕಸುಬಿನವರೆಲ್ಲ ಮಾಡುವುದೇ ಹಾಗೆ.

ಪ್ರತಿಯೊಬ್ಬರೂ ಮಾತಾಡುವ ಮೊದಲು ಬರೆದುಕೊಳ್ಳಲಿ. ಒಬ್ಬರು ಬಾಯಿಬಿಟ್ಟು ‘ಚೆರಿ’ ಎಂದರೆ ಉಳಿದವರ ಮೂಗಿಗೂ ಚೆರಿಯೇ ಬರತೊಡಗುತ್ತದೆ.

ಹೆಜ್ಜೆ 7: ತಟ್ಟೆಯಲ್ಲಿ ಏನಿರಬೇಕು

ಫ್ರಿಯುಲಿಯ ಮನೆಗಳಲ್ಲಿ ಇದರ ಜೊತೆಗೆ ಬೇಟೆಯ ಮಾಂಸ, ಹಂಗೇರಿಯ ಕಡೆಯಿಂದ ಬಂದ ಗೂಲಾಶ್, ಸಾನ್ ದಾನಿಯೆಲೆಯ ಒಣ ಹಂದಿಮಾಂಸದ ತೆಳು ಪದರಗಳು, ಫ್ರೀಕೊ ಬಡಿಸುತ್ತಾರೆ. ಮೊಂತಾಸಿಯೊ ಚೀಸ್ ಮತ್ತು ಆಲೂಗಡ್ಡೆಯನ್ನು ಕಾವಲಿಯಲ್ಲಿ ಹೊಂಬಣ್ಣ ಬರುವವರೆಗೆ ಹುರಿದು ದೋಸೆಯಂತೆ ತಿರುವಿ ಹಾಕುವ ಫ್ರೀಕೊ ಸಸ್ಯಾಹಾರದಂತೆ ಕಂಡರೂ ಸಾಂಪ್ರದಾಯಿಕ ಚೀಸಿನಲ್ಲಿ ಕರುವಿನ ಹೊಟ್ಟೆಯ ರೆನ್ನೆಟ್ ಇರುತ್ತದೆ ಎಂಬುದು ತಿಳಿದಿರಲಿ.

ನಮ್ಮ ಅಡುಗೆಯಲ್ಲಿ ಕೊಡಗಿನ ಪಂದಿಕರಿಯಷ್ಟು ಇದಕ್ಕೆ ಒಗ್ಗುವುದು ಬೇರೆ ಇಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹುರಿದ ಮಸಾಲೆಯ ಕಪ್ಪು, ಮೆಣಸು, ಕೊಬ್ಬು, ಕಾಚಂಪುಳಿಯ ಹುಳಿ, ಇವೆಲ್ಲದಕ್ಕೂ ವೈನಿನಲ್ಲಿ ಒಂದೊಂದು ಜೊತೆಯಿದೆ. ಕಾಚಂಪುಳಿಯ ಎದುರು ಹುಳಿ ಕಡಿಮೆಯಿರುವ ವೈನ್ ಸಪ್ಪೆಯಾಗುತ್ತದೆ, ಇದು ಆಗುವುದಿಲ್ಲ. ಸಸ್ಯಾಹಾರಿಗಳು ಅಣಬೆಯನ್ನು ತುಪ್ಪದಲ್ಲಿ ಹುರಿದು ಮೇಲೆ ಮೆಣಸು ಜಜ್ಜಿ ಹಾಕಿ ಅಕ್ಕಿರೊಟ್ಟಿಯ ಜೊತೆ ತಿಂದು ನೋಡಲಿ. ಶೇಂಗಾ, ಎಳ್ಳು ಹಾಕಿದ ಎಣ್ಣೆಗಾಯಿಯೂ ಒಗ್ಗುತ್ತದೆ, ಬೆಲ್ಲ ಕಡಿಮೆ ಮಾಡಿದರೆ.

ಬೇಡದ್ದು ಎರಡು. ಒಣಮೆಣಸಿನಕಾಯಿಯ ಖಾರ ಹೆಚ್ಚಿರುವ ಅಡುಗೆ, ಏಕೆಂದರೆ ಆ ಖಾರ ಮದ್ಯಸಾರದ ಉರಿಯನ್ನು ಹೆಚ್ಚಿಸಿ ವೈನನ್ನು ಕಹಿಯಾಗಿಸುತ್ತದೆ. ಮತ್ತೆ ತೆಂಗಿನಹಾಲಿನ ಸಿಹಿ ಪದಾರ್ಥಗಳು. ಇನ್ನೊಂದು ಎಚ್ಚರ: ಊಟದಲ್ಲೇ ಮೆಣಸು ಜೋರಾಗಿದ್ದರೆ ಎರಡು ತುತ್ತಿನ ಬಳಿಕ ವೈನಿನ ಮೆಣಸು ಗೊತ್ತೇ ಆಗುವುದಿಲ್ಲ. ಆದ್ದರಿಂದ ಮೂಸುವ, ಬರೆದುಕೊಳ್ಳುವ ಕೆಲಸವೆಲ್ಲ ಊಟಕ್ಕೆ ಮೊದಲೇ ಮುಗಿಯಲಿ.

ಹೆಜ್ಜೆ 8: ಹೋಲಿಕೆ, ಮತ್ತು ಮುಂದಿನ ತಳಿ

ಒಂದು ಸಂಜೆ ಮೂರು ಲೋಟಗಳನ್ನು ಸಾಲಾಗಿಟ್ಟು ನೋಡಿ. ಮೊದಲನೆಯದರಲ್ಲಿ ನಮ್ಮದೇ ನಾಡಿನ ಶಿರಾಜ್, ನಂದಿಬೆಟ್ಟದ ಆಸುಪಾಸಿನದು ಸುಲಭವಾಗಿ ಸಿಗುತ್ತದೆ. ಎರಡನೆಯದರಲ್ಲಿ ಫ್ರಾನ್ಸಿನ ರೋನ್ ಕಣಿವೆಯ ಉತ್ತರ ಭಾಗದ ಸಿರಾ. ಹೆಸರು ಬೇರೆಯಾದರೂ ಶಿರಾಜ್ ಮತ್ತು ಸಿರಾ ಒಂದೇ ತಳಿ. ಮೂರನೆಯದರಲ್ಲಿ ಸ್ಕ್ಯೊಪ್ಪೆತ್ತೀನೊ. ಬಿಸಿಲಿನ ನಾಡಿನ ಶಿರಾಜ್‌ನಲ್ಲಿ ಹಣ್ಣು ಮುಂದು, ಮೆಣಸು ಹಿಂದು. ರೋನ್ ಸಿರಾದಲ್ಲಿ ಮೆಣಸಿನ ಜೊತೆ ಹೊಗೆ, ಆಲಿವ್, ಗಟ್ಟಿ ಒಗರು. ಸ್ಕ್ಯೊಪ್ಪೆತ್ತೀನೊದಲ್ಲಿ ಮೆಣಸು ಮೇಲಕ್ಕೆ ತೇಲುತ್ತದೆ, ಮೈ ಹಗುರ, ಹುಳಿ ಚುರುಕು. ಹವಾಮಾನ ಏನು ಮಾಡುತ್ತದೆ, ತಳಿ ಏನು ಮಾಡುತ್ತದೆ ಎಂಬುದು ಪುಸ್ತಕಕ್ಕಿಂತ ಚೆನ್ನಾಗಿ ಈ ಮೂರು ಲೋಟಗಳಲ್ಲಿ ತಿಳಿಯುತ್ತದೆ.

ಉಳಿದ ವೈನಿಗೆ ಕಾರ್ಕ್ ಹಾಕಿ ಫ್ರಿಜ್ಜಿನಲ್ಲಿಡಿ, ಮರುದಿನ ಸಂಜೆ ಮತ್ತೆ ನೋಡಿ. ಒಗರು ಸಡಿಲಾಗಿ ಹಣ್ಣು ಬಿಚ್ಚಿಕೊಂಡಿರುತ್ತದೆ. ಮೂರನೆಯ ದಿನಕ್ಕೆ ಉಳಿಸಬೇಡಿ, ಉಳಿದರೆ ಅಡುಗೆಗೆ ಹಾಕಿ.

ಮುಂದಿನ ತಳಿ ಯಾವುದೆಂದು ಕೇಳಿದರೆ ಅದೇ ಗುಡ್ಡಸಾಲಿನಲ್ಲಿ ಇನ್ನೂ ಎರಡಿವೆ. ತಾತ್ಸೆಲೆಂಗೆ ತೀಕ್ಷ್ಣ ಹುಳಿಗೆ ಹೆಸರಾದದ್ದು. ಪಿನ್ಯೋಲೊ ರೊಸಾತ್ಸೊ ಮಠದ ತೋಟದಲ್ಲಿ ಉಳಿದಿದ್ದ ಹಳೆಯ ಬಳ್ಳಿಗಳಿಂದ ಮರಳಿ ಬಂದದ್ದು, ಅದರ ಒಗರು ಇಳಿಯಲು ಹಲವು ವರ್ಷ ಕಾಯಬೇಕು. ಎರಡಕ್ಕೂ ರಿಸಿತ್ ದಾವುರ್ ಪ್ರಶಸ್ತಿ ಬೆನ್ನಿಗೆ ನಿಂತಿತ್ತು. ಮೆಣಸಿನ ಜಾಡನ್ನೇ ಹಿಡಿಯಬೇಕೆಂದಿದ್ದರೆ ವಾಯವ್ಯ ಇಟಲಿಯ ಪಿಯೆಮೊಂತೆಗೆ ಹೋಗಿ ವೆಸ್ಪೊಲೀನಾ ಹುಡುಕಿ. ಅಲ್ಲಿ ಅದನ್ನು ಹೆಚ್ಚಾಗಿ ನೆಬ್ಬಿಯೋಲೊ ಜೊತೆ ಬೆರೆಸುತ್ತಾರೆ, ಆದ್ದರಿಂದ ‘ಕೊಲ್ಲೀನೆ ನೊವಾರೇಸಿ’ ಹೆಸರಿನಡಿ ವೆಸ್ಪೊಲೀನಾ ಒಂದನ್ನೇ ಹೇಳಿಕೊಂಡ ಬಾಟಲಿಯನ್ನು ಕೇಳಿ ಪಡೆಯಿರಿ.